ಮುತ್ತುಗದ ಕೀಲು

ಜೂನ್ 14, 2025, ಶನಿವಾರ

ಗುರುಪ್ರಸಾದ ಬೆಳಿಗ್ಗೆಯೇ ಬಂದಿದ್ದ. ನನ್ನ ಮೈದುನ ಬರೀ ಕಾಫಿಗೆಂದು ಬರುವ ರೀತಿ ಬೇರೆ, ವಿಷಯ ಇಟ್ಟುಕೊಂಡು ಬರುವ ರೀತಿ ಬೇರೆ. ಕೊಡೆ ಮಡಚಿ ಜಗಲಿಯ ಮೂಲೆಗಿಟ್ಟು, ಮಳೆಯ ಸುದ್ದಿ, ನಾಟಿಯ ಸುದ್ದಿ, ದೇವಸ್ಥಾನದ ಹೊಸ ಅಡಿಗೆಯವನ ಸುದ್ದಿ ಎಲ್ಲ ಮುಗಿಸಿ, ಲೋಟ ಕೆಳಗಿಟ್ಟ ಮೇಲೆ ಬಾಯಿ ಬಿಟ್ಟ. “ಅತ್ತಿಗೆ, ಅಣ್ಣಯ್ಯ ಹೋಯಿ ಹನ್ನೆರ್ಡ್ ವರ್ಷ ಆಯ್ತಲ್ದಾ.”

ನನಗೆ ಗೊತ್ತಿಲ್ಲದ್ದನ್ನೇನೂ ಅವನು ಹೇಳಲಿಲ್ಲ. ನಮ್ಮ ಮನೆಯವರು, ದಿನಕರ, 2013ರ ಜೂನಿನಲ್ಲಿ ಒಂದು ದಿನ ಕೋಟದ ಈ ಮನೆಯಿಂದ ಕೊಡೆ ಹಿಡಿದುಕೊಂಡು ಬೈಂದೂರಿಗೆ ಹೊರಟವರು. ಅಲ್ಲಿನ ಲೇತ್ ಅಂಗಡಿಯ ರಾಜೇಂದ್ರನಿಗೆ ಎರಡು ಹಿತ್ತಾಳೆಯ ಕೀಲು ಮಾಡಲು ಹೇಳಿದ್ದರು, ಇವರು ಮನೆಯಲ್ಲಿ ಮಾಡುತ್ತಿದ್ದ ಆಟದ ರೈಲಿನ ಹಲಗೆ ಜೋಡಿಸುವುದಕ್ಕೆ. ಹೆದ್ದಾರಿಯಲ್ಲಿ ನಿಂತು ಕೈ ಅಡ್ಡ ಹಿಡಿದರೆ ಬೈಂದೂರಿನ ಬಸ್ಸು ಸಿಗುತ್ತದೆ. ಇವರಿಗೆ ಅದಾಗದು. ಕುಂದಾಪುರದವರೆಗೆ ಬಸ್ಸು, ಅಲ್ಲಿಂದ ಸ್ಟೇಶನ್ನಿಗೆ ರಿಕ್ಷಾ, ಆಮೇಲೆ ರೈಲು. ರೈಲಿನ ಕೆಲಸಕ್ಕೆ ರೈಲಿನಲ್ಲೇ ಹೋಗಬೇಕೆಂಬ ಶಾಸ್ತ್ರ. ರಾಜೇಂದ್ರ ಕೀಲುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟನಂತೆ. ಮಳೆಯಲ್ಲಿ ಕೊಡೆ ಬಿಚ್ಚಿ ಬೈಂದೂರು ಸ್ಟೇಶನ್ನಿನ ಕಡೆ ನಡೆದದ್ದನ್ನು ಕಂಡವರಿದ್ದಾರೆ. ಅಷ್ಟೇ. ರೈಲಿನಲ್ಲಿ ಇರಲಿಲ್ಲ, ಹಳಿಯ ಮೇಲೆ ಇರಲಿಲ್ಲ, ಹೊಳೆಯಲ್ಲಿ ಸಿಗಲಿಲ್ಲ. ಪೊಲೀಸರು ಬಂದರು, ಪೇಪರಿನಲ್ಲಿ ಫೋಟೋ ಬಂತು, ಕೊಲ್ಲೂರಿನ ಲಾಡ್ಜುಗಳಲ್ಲೆಲ್ಲ ವಿಚಾರಿಸಿದ್ದಾಯಿತು. ಹೋಗುವುದು ಸರಿಯಾಗಿಯೇ ಹೋದರು, ವಾಪಸ್ ಬರುವುದೊಂದು ಆಗಲಿಲ್ಲ.

ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ಮುತ್ತುಗದ ಕಡ್ಡಿಯಲ್ಲಿ ಮನುಷ್ಯನ ಆಕಾರ ಮಾಡಿ, ಅದನ್ನೇ ಹೊಳೆ ಬದಿಯಲ್ಲಿ ಸುಟ್ಟು, ಮುಂದಿನ ಕ್ರಿಯೆ ನಡೆಸಬೇಕಂತೆ. ಮಗಳು ಯಾಮಿನಿಯ ಮದುವೆ ಶ್ರಾವಣದ ಕೊನೆಗೆ. ಅದಕ್ಕೆ ಮೊದಲು ಇದು ಆಗಲಿ ಎಂದು ಅವನ ಅಭಿಪ್ರಾಯ. ಆಲೋಚಿಸಿ ಹೇಳುತ್ತೇನೆ ಎಂದೆ, ಅರ್ಜೆಂಟ್ ಬ್ಲೌಸ್ ತರುವವರಿಗೆ ಹೇಳುವ ಧಾಟಿಯಲ್ಲೇ.

ಹೊಲಿಗೆಯ ಸಹಾಯಕ್ಕೆ ಬರುವ ಸುಗುಣ ಮಧ್ಯಾಹ್ನ ಅವಳ ಹಿತ್ತಲಿನ ಹಾಗಲಕಾಯಿ ತಂದಿದ್ದಳು. ವಾಪಸ್ ಕಳುಹಿಸಿದೆ. ಇವರಿಗೆ ಹಾಗಲಕಾಯಿ ಆಗುವುದಿಲ್ಲ, ಬೇಯುವ ವಾಸನೆಗೇ ಮುಖ ಕಿವುಚುತ್ತಾರೆ. ನಮ್ಮ ಮನೆಯ ಒಲೆಗೆ ಅದು ಏರುವುದೇ ಇಲ್ಲ.

ಜೂನ್ 17, ಮಂಗಳವಾರ

ಒಳಕೋಣೆ ಖಾಲಿ ಮಾಡಬೇಕಂತೆ. ಮದುವೆಗೆ ಬಂದವರು ಮಲಗುವುದೆಲ್ಲಿ ಎಂದು ಯಾಮಿನಿಯ ಪ್ರಶ್ನೆ. ಬ್ರಹ್ಮಾವರದ ಸೊಸೈಟಿಯಲ್ಲಿ ಕ್ಯಾಶಿನ ಮುಂದೆ ಕೂತು ಕೂತು ಅವಳಿಗೆ ಎಲ್ಲದಕ್ಕೂ ಒಂದು ಜಾಗ ತೋರಿಸುವ ಚಾಳಿ ಹತ್ತಿದೆ. ಖಾಲಿ ಮಾಡುವುದೆಂದರೆ ಮಂಚದ ಅಡಿಯಲ್ಲಿ ಹಳೆ ಸೀರೆ ಸುತ್ತಿಟ್ಟ ಎರಡು ಹಲಗೆಗಳನ್ನು ತೆಗೆಯುವುದು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಅವಳು ಕೆಲಸಕ್ಕೆ ಹೋದ ಮೇಲೆ ನಾನೂ ಸುಗುಣಳೂ ಮಂಚದ ಅಡಿಯಿಂದ ಎಳೆದು, ಅದೇ ಕೋಣೆಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟೆವು. ಒಂದು ಕುಂದಾಪುರದ ಹಲಗೆ, ಇನ್ನೊಂದು ಬೈಂದೂರಿನದು. ಮರದ ಹುಡಿ ಮತ್ತು ಗೋಂದಿನ ಗುಡ್ಡ. ಪೊರಕೆಯ ಹಿಡಿಕಡ್ಡಿಗೆ ಹಸಿರು ಬಟ್ಟೆಯ ಚೂರು ಅಂಟಿಸಿದ ತೆಂಗಿನ ಮರಗಳು. ಆ ಚೂರುಗಳೆಲ್ಲ ನಾನು ಹೊಲಿದ ಬ್ಲೌಸಿನವು. ಯಾವ ಮರ ಯಾರ ಬ್ಲೌಸು ಎಂದು ಈಗಲೂ ಹೇಳಬಲ್ಲೆ. ಸ್ಟೇಶನ್ನಿನ ಹಳದಿ ಬೋರ್ಡುಗಳಲ್ಲಿ ಇವರ ಅಕ್ಷರ. ಎರಡು ಹಲಗೆಯೂ ಕೂಡುವ ಕಡೆ ಒಂದು ಹೊಳೆ, ಅದರ ಸೇತುವೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಒಟ್ಟಿಗೆ ಸೇರಿಸಲು ಬೇಕಾದ ಕೀಲು ತರಲೆಂದೇ ಇವರು ಹೋದದ್ದು.

ನೀಲಿ ಎಂಜಿನ್ನಿಗೆ ಕರೆಂಟು ಕೊಟ್ಟೆ. ಮೊದಲು ಕೆಮ್ಮಿದ ಹಾಗೆ ಮಾಡಿ, ಆಮೇಲೆ ಹೊರಟಿತು. ನನಗೆ ಅಳು ಬಂತು. ಸುಗುಣ ನೋಡದ ಹಾಗೆ ಮಾಡಿದಳು, ಒಳ್ಳೆಯ ಹೆಣ್ಣು.

ಜೂನ್ 22, ಭಾನುವಾರ

ಹಲಗೆಗಳನ್ನು ಹಗ್ಗದಲ್ಲಿ ಬಿಗಿದು ಕಟ್ಟಿ, ಅಡಿಗೆ ರಟ್ಟು ಕೊಟ್ಟು ನೋಡಿದೆ. ಕುಂದಾಪುರದಿಂದ ಹೊರಟ ಗಾಡಿ ಸೇತುವೆ ದಾಟಿ ಬೈಂದೂರಿಗೆ ಹೋಗುತ್ತದೆ. ಬೈಂದೂರಿನಿಂದ ಹೊರಟದ್ದು ಸೇತುವೆಯ ನಡುವೆ ಬಿದ್ದೇ ಬೀಳುತ್ತದೆ. ಎಷ್ಟು ಸಲ ಮಾಡಿದರೂ ಅದೇ.

ಮಾಟ ಮಂತ್ರ ಏನೂ ಅಲ್ಲ. ಬೈಂದೂರಿನ ಹಲಗೆ ಕೂದಲೆಳೆಯಷ್ಟು ತಗ್ಗಿದೆ. ಇಳಿಯುವ ಗಾಲಿ ಇಳಿಯುತ್ತದೆ, ಹತ್ತುವ ಗಾಲಿ ಎದುರಿನ ಹಳಿಯ ತುದಿಗೆ ಬಡಿದು ಹಾರುತ್ತದೆ. ಹೊಲಿಗೆಯಲ್ಲಿ ಎರಡು ತುಂಡು ಜೋಡಿಸುವ ಮೊದಲು ಗುಂಡುಸೂಜಿ ಹಾಕುತ್ತೇವೆ, ಇಲ್ಲದಿದ್ದರೆ ಜಾರುತ್ತದೆ. ಇಲ್ಲಿಗೂ ಅಂಥದೇ ಬೇಕು. ಇವರು ಹೇಳುತ್ತಿದ್ದ ಕೀಲು ಅದೇ.

ಇದೊಂದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿಡುತ್ತೇನೆ. ಬೈಂದೂರಿಗೆ ಹೋದ ಗಾಡಿ ಬೀಳದೆ ಕುಂದಾಪುರಕ್ಕೆ ವಾಪಸ್ ಬಂದರೆ, ಗುರುಪ್ರಸಾದನಿಗೆ ಕ್ರಿಯೆ ಬೇಡ ಎನ್ನುತ್ತೇನೆ. ಐವತ್ತರ ಹತ್ತಿರ ಬಂದವಳು ಹೀಗೆ ಮಕ್ಕಳ ಹಾಗೆ ಪಂಥ ಕಟ್ಟುವುದೇ ಎಂದು ನಗು ಬರುತ್ತದೆ. ಬರಲಿ. ಬದುಕಿದ್ದಾರೋ ಇಲ್ಲವೋ ಎಂದು ಹೇಳಲು ಬೇರೆ ಯಾರು ಬಂದಿದ್ದಾರೆ?

ಜೂನ್ 26, ಗುರುವಾರ

ಪೆನ್ಸಿಲಿನ ತುಂಡು ಹಾಕಿದೆ, ಮುರಿಯಿತು. ಕೊಡೆಯ ಕಡ್ಡಿ ಹಾಕಿದೆ, ತೂತಿನಲ್ಲಿ ಗಲಗಲ ಆಡುತ್ತದೆ. ಬಿದಿರು ಸೀಳಿಕೊಂಡಿತು.

ಆದರೆ ತೂತು ಮಾಡುವ ಉಪಾಯ ಸಿಕ್ಕಿದೆ. ಒಂದು ಹಲಗೆಗೆ ಮಾತ್ರ ತೂತು ಕೊರೆದು ಕಡ್ಡಿ ಸಿಕ್ಕಿಸುವುದು. ಅದರ ತುದಿಗೆ ಕುಂಕುಮ ಹಚ್ಚುವುದು. ಹಳಿಗೆ ಹಳಿ ಸರಿಯಾಗಿ ಹಿಡಿದು ಇನ್ನೊಂದು ಹಲಗೆಯನ್ನು ಅದಕ್ಕೆ ಒತ್ತುವುದು. ಎಲ್ಲಿ ಕೆಂಪು ಬೊಟ್ಟು ಬಿತ್ತೋ ಅಲ್ಲಿಯೇ ಎದುರು ತೂತು. ಎರಡು ಬೊಟ್ಟು ಎಷ್ಟು ಚೆಂದ ಬಿದ್ದವು ಎಂದರೆ ಸ್ವಲ್ಪ ಹೊತ್ತು ಕೊರೆಯಲು ಮನಸ್ಸೇ ಬರಲಿಲ್ಲ.

ಸುಗುಣ ನೋಡಿ, “ಗೋಮತಕ್ಕ, ರೈಲಿಗೂ ಕುಂಕ್ಮ ಇಡ್ತ್ರಿಯಾ?” ಎಂದಳು. ಇಟ್ಟರೆ ನಿನಗೇನು ಖರ್ಚು ಎಂದೆ.

ಜುಲೈ 2, ಬುಧವಾರ

ಮಳೆ ಬಿಟ್ಟೇ ಇಲ್ಲ. ಸರಿಯಾದ ಕೀಲು ಸಿಕ್ಕಿಲ್ಲ. ಕ್ರಿಯೆಗೆ ಹನ್ನೊಂದನೇ ತಾರೀಕು ಎಂದು ಗುರುಪ್ರಸಾದ ಫೋನು ಮಾಡಿದ. ಹೂಂ ಎಂದೆನೋ ಉಹುಂ ಎಂದೆನೋ ನೆನಪಿಲ್ಲ. ಅವನು ಹೂಂ ಎಂದೇ ಬರೆದುಕೊಂಡಿರುತ್ತಾನೆ.

ಜುಲೈ 6, ಭಾನುವಾರ

ಗುರುಪ್ರಸಾದ ಮುತ್ತುಗದ ಕಡ್ಡಿ ತಂದ. ಮಳೆಗೆ ಒದ್ದೆಯಾಗಬಾರದೆಂದು ಇಲ್ಲೇ ಅಡಿಗೆಮನೆಯ ಅಟ್ಟದಲ್ಲಿ ಇಡುವುದಂತೆ. ಜಗಲಿಯಲ್ಲಿ ಚಾಪೆ ಹಾಸಿ ಕೂತು, ಎಣಿಸಿ ಎಣಿಸಿ, ಬಿಳಿ ನೂಲಿನಲ್ಲಿ ಬೇರೆ ಬೇರೆ ಕಟ್ಟು ಮಾಡಿದ. ಇಂಥ ಅಂಗಕ್ಕೆ ಇಷ್ಟು ಕಡ್ಡಿ ಎಂದು ಲೆಕ್ಕ ಇದೆಯಂತೆ, ತಲೆಗೆ ಬೇರೆ, ಎದೆಗೆ ಬೇರೆ, ಹೀಗೆ. ಅವನು ಹೇಳುತ್ತ ಹೋದ, ನಾನು ಕಿವಿ ಕೊಡಲಿಲ್ಲ. ಕೊಟ್ಟರೆ ಒಪ್ಪಿದ ಹಾಗಾಗುತ್ತದೆ. ಕಾಜ ಹೊಲಿಯುತ್ತ ಕೂತೆ, ಕಡೆಗೆ ನೋಡಿದರೆ ಬೇಡದ ಕಡೆಯೂ ಒಂದು ಕಾಜ ಹೊಲಿದಿದ್ದೇನೆ.

ಅಣ್ಣನನ್ನು ಕಂಡರೆ ಅವನಿಗೆ ಪ್ರಾಣ. ಕಟ್ಟಿದ ಕಟ್ಟನ್ನು ಬಿಚ್ಚಿ, ಇನ್ನೊಮ್ಮೆ ಎಣಿಸಿ ಕಟ್ಟುತ್ತಿದ್ದ. ಅದೂ ಬರೆಯದಿದ್ದರೆ ತಪ್ಪಾಗುತ್ತದೆ.

ಜುಲೈ 9, ಬುಧವಾರ

ವಾಪಸ್ ಬಂತು.

ಬೆಳಿಗ್ಗೆ ಅಟ್ಟದಿಂದ ಹುರುಳಿ ಡಬ್ಬಿ ತೆಗೆಯುವಾಗ ಆ ಕಟ್ಟುಗಳಿಗೆ ಕೈ ತಾಗಿತು. ಒಣಗಿದ, ನೇರವಾದ ಕಡ್ಡಿಗಳು. ಕಣ್ಣಳತೆಯಲ್ಲೇ ಗೊತ್ತಾಯಿತು, ನಾನು ಕೊರೆದ ತೂತಿಗೆ ಹೇಳಿ ಮಾಡಿಸಿದ ಗಾತ್ರ. ಅಷ್ಟು ಕಡ್ಡಿಯಲ್ಲಿ ಎರಡು ಹೋದರೆ ಯಾರಿಗೆ ತಿಳಿಯುತ್ತದೆ? ಉದ್ದದ ಕಡ್ಡಿಗಳ ಎರಡು ಕಟ್ಟು ಒಂದೇ ಥರ ಇದ್ದವು. ಇದರಿಂದ ಒಂದು, ಅದರಿಂದ ಒಂದು ಎಳೆದುಕೊಂಡೆ. ಉಗುರಿನಲ್ಲಿ ಸಿಪ್ಪೆ ಕೆರೆದು, ತುದಿಯನ್ನು ಸ್ವಲ್ಪ ಮೊಂಡು ಮಾಡಿ, ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿದೆ. ಉಳಿದದ್ದನ್ನು ಒಲೆಗೆ ಹಾಕಿದೆ. ಹಲಗೆ ಒತ್ತಿದಾಗ ಟಕ್ ಎಂದು ಕೂತಿತು. ಹಳಿಯ ಮೇಲೆ ಬೆರಳು ಎಳೆದರೆ ಜೋಡಣೆ ಎಲ್ಲಿ ಎಂದೇ ತಿಳಿಯುವುದಿಲ್ಲ.

ಗಾಡಿ ಬೈಂದೂರಿಗೆ ಹೋಯಿತು. ವಾಪಸ್ ತಿರುಗಿಸಿದೆ. ಸೇತುವೆಗೆ ಬಂತು. ದಾಟಿತು. ಕುಂದಾಪುರಕ್ಕೆ ಬಂದು ನಿಂತಿತು.

ಸುಗುಣ ಕಿಟಕಿ ಹಾಕಿ ಬಂದಳು. ಒಮ್ಮೆಲೇ ಚಳಿಗಾಳಿ ಬಂತು ಎಂದಳು. ಕಿಟಕಿ ಮೊದಲೇ ಹಾಕಿತ್ತು ಎಂದು ನನಗೆ ನೆನಪು.

ಜುಲೈ 10, ಗುರುವಾರ

ಗುರುಪ್ರಸಾದನಿಗೆ ಫೋನು ಮಾಡಿ ಬೇಡ ಎಂದೆ. ಅವನು ಸಂಜೆ ಬಂದ, ಯಾಮಿನಿಯೂ ಇದ್ದಳು. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳಲಿ? ಆಟದ ಗಾಡಿ ಬೀಳಲಿಲ್ಲ ಎನ್ನಲೇ? ಇವರು ಬರುತ್ತಾರೆ ಎಂದು ಮಾತ್ರ ಹೇಳಿದೆ.

ಯಾಮಿನಿ ಜೋರು ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ನನ್ನ ಕೈ ಹಿಡಿದುಕೊಂಡು ಹೇಳಿದಳು, “ಅಮ್ಮ, ನಂಗೆ ಕಾದ್ ಕಾದ್ ಸಾಕಾಯ್ತ್. ಅಪ್ಪಯ್ಯ ಬತ್ರ್ ಅಂದೇಳಿ ಎಷ್ಟ್ ದಿನ ನಾ ಬಾಗ್ಲ್ ಹಾಕ್ದೆ ಕೂತಿದ್ದೆ, ನಿಂಗ್ ಗೊತ್ತಿತ್ತಾ? ಇನ್ ಅವ್ರನ್ನ ಕಳ್ಸಿ ಕೊಡ್ವ.”

ನನಗೆ ಗೊತ್ತಿರಲಿಲ್ಲ. ಕಾಯುವುದು ನನ್ನೊಬ್ಬಳ ಕೆಲಸ ಎಂದೇ ಇದ್ದೆ. ಆಗಲಿ ಎಂದೆ.

ಜುಲೈ 11, ಶುಕ್ರವಾರ

ಮುಗಿಯಿತಂತೆ. ಹೆಂಗಸರು ಹೋಗುವ ಕ್ರಮ ಇಲ್ಲ, ನಾವು ಮನೆಯಲ್ಲೇ ಇದ್ದೆವು. ಮಧ್ಯಾಹ್ನ ಗುರುಪ್ರಸಾದ ಒದ್ದೆ ಬಟ್ಟೆಯಲ್ಲೇ ಬಂದು ಜಗಲಿಯ ಕೆಳಗೆ ನಿಂತ. ಮಳೆಗೆ ತಗಡಿನ ಮಾಡಿನ ಅಡಿಯಲ್ಲಿ ಮಾಡಿದರಂತೆ, ಚೆನ್ನಾಗಿಯೇ ಉರಿಯಿತಂತೆ. ಹೊರಡುವಾಗ ತಿರುಗಿ ನಿಂತು ಒಂದು ಮಾತು ಹೇಳಿದ. “ಕಾಲಿನ ಕಟ್ಟಂಗೆ ಒಂದೊಂದ್ ಕಡ್ಡಿ ಕಡ್ಮಿ ಬಂತ್ ಅತ್ತಿಗೆ. ಬಲ್ದಂಗ್ ಒಂದ್, ಎಡ್ದಂಗ್ ಒಂದ್. ನಾ ಎಣ್ಸಿಯೇ ಕಟ್ಟಿದ್ದೆ. ಭಟ್ರ್ ದರ್ಭೆ ಸೇರ್ಸಿ ಮುಗ್ಸಿರ್.”

ಅಟ್ಟದಲ್ಲಿ ಇಲಿ ಇದೆ ಎಂದೆ.

ಜುಲೈ 15, ಮಂಗಳವಾರ

ಸೂತಕದ ಮನೆಗೆ ಯಾರೂ ಬಟ್ಟೆ ತರುವುದಿಲ್ಲ. ಯಾಮಿನಿ ತನ್ನ ಕೋಣೆಯಲ್ಲಿ ಮಲಗಿದ್ದಳು. ಮಧ್ಯಾಹ್ನ ಗಾಳಿ ಮೂಡಣದಿಂದ ಇದ್ದರೆ ರೈಲಿನ ಕೂಗು ತೆಳ್ಳಗೆ ಇಲ್ಲಿಯವರೆಗೆ ಕೇಳುತ್ತದೆ. ಇವತ್ತು ಕೇಳಿತು. ಅದಾಗಿ ಸ್ವಲ್ಪ ಹೊತ್ತಿಗೆ ಜಗಲಿಯಲ್ಲಿ ಕಾಲಿನ ಸದ್ದು. ಗುರುಪ್ರಸಾದ ಎಂದುಕೊಂಡು ಎದ್ದೆ. ಯಾರೂ ಇಲ್ಲ. ಹೊಸ್ತಿಲಿನಿಂದ ಒಳಕ್ಕೆ ಒದ್ದೆ ಹೆಜ್ಜೆಗಳು, ಚಪ್ಪಲಿ ಇಲ್ಲದ ಪಾದ. ಒಳಕೋಣೆಗೆ ಹೋಗಿ, ಹಲಗೆ ಇಟ್ಟ ಮೇಜಿನ ಸುತ್ತ ಸುತ್ತಿವೆ.

ಎಡಗಾಲು ಸ್ವಲ್ಪ ಹೊರಕ್ಕೆ. ಅಳತೆ ತೆಗೆಯುವವಳ ಕಣ್ಣು ಇದು, ನನಗೆ ತಪ್ಪುವುದಿಲ್ಲ. ಮದುವೆಯ ದಿನ ಸಪ್ತಪದಿಯಲ್ಲಿಯೇ ನೋಡಿದ್ದೆ, ಈ ಮನುಷ್ಯನ ಎಡಗಾಲು ಬೇರೆ ಊರಿಗೆ ಹೊರಟ ಹಾಗಿದೆಯಲ್ಲ ಎಂದು.

ಹೆದರಿಕೆ ಆಗಲಿಲ್ಲ. ಸಂತೋಷವಾಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಬಹಳ ಸಂತೋಷವಾಯಿತು. ಯಾಮಿನಿ ಏಳುವ ಮೊದಲು ನೆಲ ಒರೆಸಿದೆ.

ಜುಲೈ 19, ಶನಿವಾರ

ದಿನವೂ ಬರುತ್ತಾರೆ. ರೈಲು ಕೂಗಿದ ಮೇಲೆ. ಕೂಗು ಕೇಳದ ದಿನ ಮಳೆಯ ಸದ್ದಿಗೆ ಕೇಳಲಿಲ್ಲ ಎಂದು ಲೆಕ್ಕ, ಬರುವುದಂತೂ ಬರುತ್ತಾರೆ. ಜಗಲಿಯಲ್ಲಿ ಟವೆಲ್ ಇಡುತ್ತೇನೆ. ಸಕ್ಕರೆ ಕಡಿಮೆ ಹಾಕಿ ಕಾಫಿ ಮಾಡಿಡುತ್ತೇನೆ. ಮಂಡಕ್ಕಿ ಕಲಸಿಡುತ್ತೇನೆ, ಇವರಿಗೆ ಅದು ಬಹಳ ಸೇರುತ್ತದೆ. ಟವೆಲ್ ಒಣಗಿಯೇ ಇರುತ್ತದೆ, ಕಾಫಿ ಆರುತ್ತದೆ. ದೂರದಿಂದ ಬಂದವರಿಗೆ ಒಗ್ಗಿಕೊಳ್ಳಲು ಸಮಯ ಬೇಡವೇ.

ಎಂಜಿನ್ನು ಈಗ ಕರೆಂಟು ಕೊಡದೆಯೂ ಜಾಗ ಬದಲಿಸಿರುತ್ತದೆ. ಕುಂದಾಪುರದಲ್ಲಿ ಬಿಟ್ಟದ್ದು ಸೇತುವೆಯ ಮೇಲೆ, ಸರಿಯಾಗಿ ಜೋಡಣೆಯ ಮೇಲೆ ನಿಂತಿರುತ್ತದೆ. ಮೂತಿ ಈ ಕಡೆಗೆ.

ಹೊಲಿಯಲು ಕೂತರೆ ಕೈ ಓಡುವುದಿಲ್ಲ. ಮಧ್ಯಾಹ್ನ ಆಗುವುದನ್ನೇ ಕಾಯುತ್ತೇನೆ. ಯಾರ ಹತ್ತಿರ ಮಾತಾಡುತ್ತಿದ್ದೆ ಎಂದು ಯಾಮಿನಿ ಕೇಳಿದಳು. ಮಿಶಿನ್ನಿನ ಹತ್ತಿರ ಎಂದೆ. ಅವಳು ನಗಲಿಲ್ಲ. ಮದುವೆ ಹತ್ತಿರ ಬಂದ ಹುಡುಗಿ ಇಷ್ಟು ಸಪ್ಪಗಿರಬಾರದು.

ಜುಲೈ 22, ಮಂಗಳವಾರ

ಸೂತಕ ಕಳೆಯಿತೆಂದು ಸುಗುಣ ಕೆಲಸಕ್ಕೆ ಬಂದಳು. ಮಧ್ಯಾಹ್ನ ನಾನು ಹೆಜ್ಜೆ ಒರೆಸುವ ಮೊದಲೇ ನೋಡಿಬಿಟ್ಟಳು. ಬಾಗಿಲಿನಿಂದ ಮೇಜಿನವರೆಗೆ ಹೆಜ್ಜೆಗಳ ಮೇಲೆ ಕಣ್ಣು ಹಾಯಿಸಿ, ಮೆಲ್ಲಗೆ ಹೇಳಿದಳು. “ಗೋಮತಕ್ಕ, ಒಳ್ಗ್ ಬಂದ್ ಹೆಜ್ಜೆ ಇತ್ತ್, ಹೊರ್ಗ್ ಹೋದ್ ಹೆಜ್ಜೆ ಇಲ್ಲ. ಹಾಂಗಾರೆ ಬಂದದ್ ಈಗ ಎಲ್ಲಿತ್ತ್?”

ಅದೊಂದು ನನಗೆ ಹೊಳೆದಿರಲಿಲ್ಲ. ಅವಳು ಕತ್ತರಿ ಎತ್ತಿಟ್ಟು, ಚೀಲ ಹೆಗಲಿಗೇರಿಸಿ ಹೊರಟಳು. ಮಗಳಿಗೆ ಜ್ವರವಂತೆ. ಅವಳ ಮಗಳು ಬೆಳಿಗ್ಗೆ ಶಾಲೆಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ಜುಲೈ 24, ಗುರುವಾರ, ಆಸಾಡಿ ಅಮಾವಾಸ್ಯೆ

ಗುರುಪ್ರಸಾದ ಈ ದಿನ ಕುಡಿಯುವ ಹಾಲೆಮರದ ಕಷಾಯ ಕೊಟ್ಟುಹೋದ. 

ಮಧ್ಯಾಹ್ನ ಒಳಕೋಣೆಯಲ್ಲಿ ಇವರ ಕುರ್ಚಿ ಹಾಕಿ, ನೆಲಕ್ಕೆಲ್ಲ ರಂಗೋಲಿ ಹುಡಿ ಉದುರಿಸಿ, ಗೋಡೆಗೆ ಒರಗಿ ಕೂತೆ. ಮೊದಲ ಸಲ ಎದುರಿಗೇ ಕೂತು ನೋಡಿದೆ. ಹುಡಿಯ ಮೇಲೆ ಒಂದು ಪಾದ ಮೂಡಿತು, ಮುಂದೆ ಇನ್ನೊಂದು. ಮೇಜಿಗೆ ಒಂದು ಸುತ್ತು. ಸೇತುವೆ ಇರುವ ಕಡೆ ನಿಂತು, ಹಿಂದೆ ತಿರುಗಿ, ಮತ್ತೊಂದು ಸುತ್ತು. ಹುಡಿ ಪೂರಾ ಹೆಜ್ಜೆಯಾಯಿತು. ನಿಲ್ಲುವುದೇ ಇಲ್ಲ.

“ಕೂಕಣಿ,” ಎಂದೆ. “ಎಷ್ಟ್ ನಡಿತ್ರಿ, ಒಂದ್ ಗಳ್ಗಿ ಕೂಕಣಿ.”

ಹೆಜ್ಜೆ ಕುರ್ಚಿಯ ಹತ್ತಿರ ಬಂತು. ಬೆರಳುಗಳು ಕುರ್ಚಿಯ ಕಡೆಗೆ. ಅಲ್ಲೇ ನಿಂತವು. ಒಂದೇ ಜಾಗದಲ್ಲಿ ಬಲಗಾಲು, ಎಡಗಾಲು, ಬಲಗಾಲು, ಎಡಗಾಲು, ಏನು ಮಾಡಬೇಕೆಂದು ತಿಳಿಯದ ಮಗುವಿನ ಹಾಗೆ. ಕುರ್ಚಿಯ ಮೇಲೆ ಏನೂ ಬರಲಿಲ್ಲ. ಆಮೇಲೆ ಮತ್ತೆ ಮೇಜಿನ ಸುತ್ತ ಹೊರಟವು.

ಕೂರಬೇಕಾದರೆ ಸೊಂಟ ಬೇಕು. ಕಾಫಿ ಕುಡಿಯಲು ಕೈ ಬೇಕು. ನನ್ನನ್ನು ಗೋಮತಿ ಎಂದು ಕರೆಯಲು ಬಾಯಿ ಬೇಕು, ನನ್ನ ಮುಖ ನೋಡಲು ಕಣ್ಣು ಬೇಕು. ಅದನ್ನೆಲ್ಲ ಹೊಳೆ ಬದಿಯಲ್ಲಿ ಸುಟ್ಟಾಯಿತು. ನಾನು ಉಳಿಸಿಕೊಂಡದ್ದು ಕಾಲು ಮಾತ್ರ. ಬರಲಿ ಬರಲಿ ಎಂದು ಕೇಳಿಕೊಂಡೆ, ಬರುವುದಕ್ಕೆ ಎಷ್ಟು ಬೇಕೋ ಅಷ್ಟೇ ಬಂದಿದೆ. ಅದಕ್ಕೆ ಇದು ಮನೆ ಎಂದೂ ತಿಳಿಯದು, ಬಂದು ಮುಟ್ಟಿದೆ ಎಂದೂ ತಿಳಿಯದು.

ಅಯ್ಯೋ ನನ್ನ ದೇವರೇ, ನಾನೆಂಥ ಕೆಲಸ ಮಾಡಿದೆ.

ಇಕ್ಕಳ ತಂದು ಹಲಗೆಯ ಅಡಿಯಲ್ಲಿ ಇಣುಕುವ ಕೀಲಿನ ತುದಿಗೆ ಹಾಕಿದೆ. ಬಲಗಡೆಯದು ಹಿಡಿದ ಕೂಡಲೇ ಬಂತು. ಬಚ್ಚಲ ಒಲೆಗೆ ಹಾಕಿ ಕೈಮುಗಿದೆ. ಎಡಗಡೆಯದು ಮಳೆಗೆ ಉಬ್ಬಿ ಎರಡು ಹಲಗೆಯನ್ನೂ ಕಚ್ಚಿ ಕೂತಿದೆ. ಕೈಗೆ ಬೊಬ್ಬೆ ಬಂತು, ಅದು ಅಲುಗಲಿಲ್ಲ.

ಜುಲೈ 25, ಶುಕ್ರವಾರ

ಇವತ್ತು ಒಂದೇ ಕಾಲು. ಎಡಗಾಲು. ಕುಪ್ಪಳಿಸುತ್ತಿದೆ. ಜಗಲಿಯಿಂದ ಒಳಕೋಣೆಗೆ ಬರುವುದಕ್ಕೇ ಎಷ್ಟು ಹೊತ್ತು ಹಿಡಿಯಿತು.

ಬರೆಯಲಾರೆ.

ಜುಲೈ 27, ಭಾನುವಾರ

ಗುರುಪ್ರಸಾದನನ್ನು ಕರೆಸಿ, ಯಾಮಿನಿಯ ಎದುರಿಗೇ ಎಲ್ಲ ಹೇಳಿದೆ. ಇಲಿಯಲ್ಲ, ನಾನು ಎಂದೆ. ಬೈಯುತ್ತಾನೆ, ಅಥವಾ ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಒಳಗೆ ಹೋಗಿ ನೆಲ ನೋಡಿ ಬಂದ. ಕಣ್ಣು ಒರೆಸಿಕೊಂಡು, ಕೀಲನ್ನು ತಾನೂ ಎಳೆದು ನೋಡಿದ. ಆಗಲಿಲ್ಲ. ಹಲಗೆಯನ್ನೇ ಕೊಯ್ಯಬೇಕು ಎಂದ. ಕೊಯ್ದರೆ ಸೇತುವೆ ಹೋಗುತ್ತದೆ, ಹಳಿ ಹೋಗುತ್ತದೆ, ಮತ್ತೆ ಯಾವ ಗಾಡಿಯೂ ಆಚೆ ಈಚೆ ದಾಟುವುದಿಲ್ಲ.

ಗರಗಸ ಹಿಡಿದುಕೊಂಡು ಅವನು ನನ್ನ ಮುಖ ನೋಡಿದ. ನಾನೇ ತೆಗೆದುಕೊಂಡೆ. ಇವರು ಎಷ್ಟೋ ಸಂಜೆ ಬೆನ್ನು ಬಗ್ಗಿಸಿ ಕೂತು ಮಾಡಿದ ಸೇತುವೆ. ಅದರ ಕಂಬಗಳಿಗೆ ನನ್ನ ಮಿಶಿನ್ನಿನ ಖಾಲಿ ರೀಲುಗಳನ್ನೇ ಕೇಳಿ ತೆಗೆದುಕೊಂಡು ಹೋಗಿದ್ದರು. ಬಟ್ಟೆಗೆ ಕತ್ತರಿ ಹಾಕುವಾಗ ಕೈ ತಡೆಯಬಾರದು, ತಡೆದರೆ ಹಲ್ಲು ಹಲ್ಲಾಗುತ್ತದೆ. ಹಾಗೇ ಕೊಯ್ದೆ. ಕುಂದಾಪುರದ ಬದಿಯಿಂದ ಗೇಣಗಲ, ಬೈಂದೂರಿನ ಬದಿಯಿಂದ ಗೇಣಗಲ, ನಡುವೆ ಕೀಲು. ಯಾಮಿನಿ ಹಲಗೆಯನ್ನು ಅಲುಗದ ಹಾಗೆ ಹಿಡಿದುಕೊಂಡಳು. ಕೊಯ್ಯುವಷ್ಟು ಹೊತ್ತೂ ನನ್ನ ಹಿಂದೆ ಒಂದು ಕಾಲಿನ ಸದ್ದು ಇತ್ತು, ನನ್ನ ಬೆನ್ನಿಗೆ ತೀರ ಹತ್ತಿರ.

ನಾನೂ ಹೊಳೆ ಬದಿಗೆ ಬರುತ್ತೇನೆ ಎಂದೆ. “ನೀವ್ ಬಪ್ಪುಕಾಗ ಅಂದೇಳಿ ಇವತ್ ನಾ ಹೇಳೂದಿಲ್ಲ ಅತ್ತಿಗೆ. ಬನ್ನಿ,” ಎಂದ ಗುರುಪ್ರಸಾದ.

ತಗಡಿನ ಮಾಡಿನ ಅಡಿಯಲ್ಲಿ ಒಣ ಸೌದೆ ಜೋಡಿಸಿದ. ನನ್ನ ಕೈಯಿಂದಲೇ ಇಟ್ಟೆ. ಹಸಿರು ಬ್ಲೌಸಿನ ಎರಡು ತೆಂಗಿನ ಮರ ಮೊದಲು ಹೊತ್ತಿಕೊಂಡವು. ಆಮೇಲೆ ರೀಲುಗಳು. ಕಡೆಗೆ ಕೀಲು ಒಮ್ಮೆ ಚಟ್ ಎಂದಿತು. ಹೋಗಿ ಬನ್ನಿ ಎಂದು ಹೇಳಲು ಹೊರಟವಳು, ಬನ್ನಿ ಎನ್ನುವುದನ್ನು ನುಂಗಿಕೊಂಡೆ. ಹೋಗಿ ಎಂದಷ್ಟೇ ಹೇಳಿದೆ. ಅಷ್ಟು ಜೋರಾಗಿ ಅತ್ತದ್ದು ಈ ಹನ್ನೆರಡು ವರ್ಷದಲ್ಲಿ ಇದೇ ಮೊದಲು.

ಆಗಸ್ಟ್ 3, ಭಾನುವಾರ

ಒಳಕೋಣೆಗೆ ಸುಣ್ಣ ಹೊಡೆಸಿದ್ದಾಯಿತು. ಉಳಿದ ಎರಡು ತುಂಡು ಹಲಗೆ ಒಂದು ಪೂರ್ವದ ಗೋಡೆಗೆ, ಒಂದು ಪಶ್ಚಿಮದ ಗೋಡೆಗೆ ಒರಗಿವೆ. ನಡುವೆ ಹತ್ತು ಜನ ಮಲಗಬಹುದು ಎಂದು ಯಾಮಿನಿಯ ಅಂದಾಜು. ಅವಳ ಧಾರೆಸೀರೆಯ ಬ್ಲೌಸಿಗೆ ತೋಳು ಕೂರಿಸಿದೆ, ಒಂದೇ ಸಲಕ್ಕೆ ಕೂತಿತು.

ಸುಗುಣ ಬಂದಳು. ಒಳಗೆ ಬರುವ ಮೊದಲು ಜಗಲಿಯ ನೆಲವನ್ನು ಒಮ್ಮೆ ನೋಡಿದಳು, ನಾನೂ ನೋಡದ ಹಾಗೆ ಮಾಡಿದೆ. ಹಾಗಲಕಾಯಿ ತಂದಿದ್ದಳು. ಗೊಜ್ಜು ಮಾಡಿದೆ, ಬೆಲ್ಲ ಸ್ವಲ್ಪ ಮುಂದಾಯಿತು. ಅವರಿಗೆ ಹಾಗಲಕಾಯಿ ಆಗುತ್ತಿರಲಿಲ್ಲ. ನನಗೆ ಚಿಕ್ಕಂದಿನಿಂದಲೂ ಬಹಳ ಇಷ್ಟ. ಎರಡು ಸಲ ಬಡಿಸಿಕೊಂಡೆ.

ಮಧ್ಯಾಹ್ನ ಮಳೆ ನಿಂತಿತ್ತು. ರೈಲಿನ ಕೂಗು ಕೇಳಿತು. ಜಗಲಿಯಲ್ಲಿ ಕೂತು ಕಾಜ ಹೊಲಿಯುತ್ತಿದ್ದೆ. ಕೂಗು ನಿಂತ ಮೇಲೂ ಸೂಜಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಯಾರೂ ಬರಲಿಲ್ಲ.